ಮೊದಲ ಸಲ ಡ್ರಗ್ಸ್ ಪ್ರಕರಣದಲ್ಲಿ ಸಿಕ್ಕಿಬಿದ್ದ ತಮ್ಮ: ದಂಡ ಕಟ್ಟಿ ಮುಗಿಸಿಬಿಡಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಮ್ಮನಿಗೆ ಇಪ್ಪತ್ತೆರಡು ವರ್ಷ, ಎರಡು ವರ್ಷಗಳಿಂದ ಬ್ರೌನ್ ಶುಗರ್ ಚಟ, ಜೇಬಿನಲ್ಲಿ ಸಿಕ್ಕಿದ್ದು ಮೂರು ಗ್ರಾಂ, ಹಿಂದೆ ಯಾವ ಪ್ರಕರಣವೂ ಇಲ್ಲ. ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಲಿ, ಒಂದೇ ದಿನದಲ್ಲಿ ಮುಗಿಯುತ್ತದೆ’ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ, ಹಾಗೆ ಮಾಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಅವಸರಪಡಬೇಡಿ. ಉಚಿತ ಕಾನೂನು ನೆರವಿನ ವಕೀಲನಾಗಿ ಇಂಥ ಪ್ರಕರಣಗಳನ್ನು ನಡೆಸಿದ್ದೇನೆ. ನನ್ನನ್ನು ಹೆಚ್ಚು ನೋಯಿಸಿರುವುದು ಈ ‘ಒಂದೇ ದಿನದಲ್ಲಿ ಮುಗಿಯುತ್ತದೆ’ ಎಂಬ ಸಲಹೆ. ದಂಡವೂ ಶಿಕ್ಷೆಯೇ. ಅವನು ಅಪರಾಧಿ ಎಂಬ ತೀರ್ಪು ದಾಖಲೆಯಲ್ಲಿ ಉಳಿಯುತ್ತದೆ. ಚಟ ಮಾತ್ರ ಇದ್ದಲ್ಲೇ ಇರುತ್ತದೆ. ಮತ್ತೆ ಸಿಕ್ಕಿಬಿದ್ದರೆ, ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಕಲಂ 31ರ ಪ್ರಕಾರ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟಿಗೆ ಏರಬಹುದು.

ಮೊದಲು ಮಹಜರಿನ, ಅಂದರೆ ಮಾಲು ವಶಪಡಿಸಿಕೊಂಡಾಗ ಪೊಲೀಸರು ಬರೆದ ದಾಖಲೆಯ, ಪ್ರತಿ ಪಡೆದು ತೂಕ ನೋಡಿ. ಬ್ರೌನ್ ಶುಗರ್ ಎಂದರೆ ಬೆರಕೆಯ ಹೆರಾಯಿನ್. ಹೆರಾಯಿನ್ ವಿಷಯದಲ್ಲಿ 5 ಗ್ರಾಂಗಿಂತ ಕಡಿಮೆಯಿದ್ದರೆ ‘ಅಲ್ಪ ಪ್ರಮಾಣ’. ಅದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐದು ಗ್ರಾಂ ಮುಟ್ಟಿತೋ, ಸಜೆ ಹತ್ತು ವರ್ಷದವರೆಗೆ ಹೋಗಬಹುದು. 250 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಆಗ ಜಾಮೀನೇ ದುರ್ಲಭ. ಬೆರಕೆ ಪುಡಿಯನ್ನು ಕಳೆದು ಶುದ್ಧ ಮಾಲನ್ನಷ್ಟೇ ಲೆಕ್ಕ ಹಾಕಿ ಎಂಬ ವಾದ ಈಗ ನಡೆಯುವುದಿಲ್ಲ. ಇಡೀ ಮಿಶ್ರಣದ ತೂಕವೇ ಲೆಕ್ಕ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಪೊಟ್ಟಣದ ಸಮೇತ ತೂಗಿದ್ದಾರೆಯೇ ಎಂಬುದನ್ನು ವಕೀಲರು ಖಂಡಿತ ಕೇಳಬೇಕು. ಮೂರು ಗ್ರಾಂ ನಿಜವಾದರೆ ನಿಮ್ಮ ತಮ್ಮ ಸುರಕ್ಷಿತ ಗೆರೆಯ ಒಳಗಿದ್ದಾನೆ.

ಆ ಗೆರೆಯ ಒಳಗಿರುವವರಿಗಾಗಿ ಇದೇ ಕಠಿಣ ಕಾಯ್ದೆಯಲ್ಲಿ ಎರಡು ಬಾಗಿಲುಗಳಿವೆ. ಕೇಳದಿದ್ದರೆ ಅವು ತಾವಾಗಿ ತೆರೆಯುವುದು ಕಡಿಮೆ.

ದೊಡ್ಡ ಬಾಗಿಲು ಕಲಂ 64-ಎ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಮುಂದೆ ಬಂದು, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿರುವ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ, ಆ ಆರೋಪಕ್ಕಾಗಿ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂಪಡೆಯಬಹುದು. ನೀವು ಹಿಡಿಯಬೇಕಾದ ದಾರಿ ಇದು. ತಪ್ಪೊಪ್ಪಿಕೊಂಡು ತೀರ್ಪು ಬಂದ ಮೇಲೆ ಈ ದಾರಿಗೆ ಮರಳುವುದು ಬಹಳ ಕಷ್ಟ. ಬೇಡ ಎಂದು ಮೊದಲೇ ಹೇಳಿದ್ದು ಅದಕ್ಕೇ.

ಇನ್ನೊಂದು ಕಲಂ 39. ಇದು ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲಿನದು. ವಯಸ್ಸು, ನಡತೆ, ಆರೋಗ್ಯ ನೋಡಿ, ಅವನ ಒಪ್ಪಿಗೆ ಪಡೆದು, ನ್ಯಾಯಾಲಯ ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸಬಹುದು. ಅವನು ಮುಚ್ಚಳಿಕೆ ಬರೆದುಕೊಟ್ಟು ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ತರಬೇಕು. ವರದಿ ಸಮಾಧಾನಕರವಾಗಿದ್ದರೆ ಎಚ್ಚರಿಕೆ ಕೊಟ್ಟು, ಮೂರು ವರ್ಷ ಮೀರದ ಇನ್ನೊಂದು ಮುಚ್ಚಳಿಕೆಯ ಮೇಲೆ ಬಿಡುತ್ತಾರೆ.

ನಾನು ನಡೆಸಿದ ಒಂದು ಪ್ರಕರಣ ಈ ಎರಡನೆಯ ಬಗೆಯದು. ಹುಡುಗ ಯಾರದೋ ಮಾತು ಕೇಳಿ ಆಗಲೇ ತಪ್ಪೊಪ್ಪಿಕೊಂಡಿದ್ದ. ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಹೇಳುವ ದಿನ ಕಟಕಟೆಯಲ್ಲಿ ನಿಂತು ಒಂದೇ ಸಮನೆ ಆಕಳಿಸುತ್ತಿದ್ದ. ‘ರಾತ್ರಿಯೆಲ್ಲ ಎಲ್ಲಿದ್ದೆ?’ ಎಂದು ನ್ಯಾಯಾಧೀಶರು ಗದರಿದರು. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು, ಬಿರುಬೇಸಿಗೆಯ ಮಧ್ಯಾಹ್ನ ಮುಂಗೈ ತುಂಬ ನವಿರೆದ್ದಿತ್ತು. ನಾನು ಅವನ ತೋಳನ್ನು ಎತ್ತಿ ತೋರಿಸಿದೆ. ಅದು ಉಡಾಫೆಯಲ್ಲ, ಹೆರಾಯಿನ್ ನಿಂತಾಗ ಮೈ ಪಡುವ ಯಾತನೆ. ನ್ಯಾಯಾಧೀಶರು ಸ್ವಲ್ಪ ಹೊತ್ತು ನೋಡಿ, ಕಲಂ 39ರ ಅರ್ಜಿಯನ್ನು ಅಂದೇ ಕೊಡಲು ಹೇಳಿದರು. ತಿಂಗಳುಗಳ ನಂತರ ಆಸ್ಪತ್ರೆಯ ವರದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು ಅವನೇ ಬಂದ. ಬಿಡುಗಡೆಯಾದ. ಆದರೆ ತಪ್ಪಿತಸ್ಥ ಎಂಬ ತೀರ್ಮಾನವಂತೂ ಅಳಿಯಲಿಲ್ಲ. ಮೊದಲೇ ಬಂದಿದ್ದರೆ 64-ಎ ಕೇಳಬಹುದಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ.

ಆಸ್ಪತ್ರೆಯನ್ನು ಆರಿಸುವಾಗ ಜಾಗ್ರತೆ. ಮಾನ್ಯತೆಯಿಲ್ಲದ ಕೇಂದ್ರದ ಪ್ರಮಾಣಪತ್ರ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸೇರಿಸುವ ಮುನ್ನವೇ ಮಾನ್ಯತೆಯ ಪತ್ರ ಕೇಳಿ. ಹುಡುಗರನ್ನು ಕೂಡಿಹಾಕಿ ಹೊಡೆಯುವ ಜಾಗಗಳೂ ಇವೆ, ಅಲ್ಲಿಗೆ ಮಾತ್ರ ಕಳುಹಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾದಕ ವ್ಯಸನದಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಪರಿಗಣಿಸುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸಿದೆ. ಹತ್ತಿರದ ಕೇಂದ್ರ ತಿಳಿಯಲು 14446ಕ್ಕೆ ಕರೆ ಮಾಡಿ, ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100. ಬಂಧನದಲ್ಲಿರುವವರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಹೊರಗಿರುವವರಿಗೆ ಆದಾಯ ಮುಂತಾದ ಅರ್ಹತೆ ನೋಡುತ್ತಾರೆ.

ಹೊರರೋಗಿ ಚೀಟಿಯಿಂದ ಹಿಡಿದು ಮೂತ್ರಪರೀಕ್ಷೆಯ ವರದಿಯವರೆಗೆ ಒಂದು ಕಾಗದವನ್ನೂ ಕಳೆಯಬೇಡಿ. ತಮ್ಮ ವ್ಯಸನಿ ಎಂಬುದನ್ನು ತೋರಿಸಬೇಕಾದವರು ನೀವೇ, ಮತ್ತು ಅದನ್ನು ತೋರಿಸುವುದು ಆ ಕಾಗದಗಳೇ. ಚಿಕಿತ್ಸೆಯ ನಡುವೆ ಒಮ್ಮೆ ಜಾರಿದರೆ ಮುಚ್ಚಿಡದೆ ವೈದ್ಯರಿಗೆ ಹೇಳಲಿ. ಈ ಕಾಯಿಲೆಯಲ್ಲಿ ಜಾರುವುದು ಅಪರೂಪವಲ್ಲ; ಜಾರಿದ ನಾಚಿಕೆಗೆ ಆಸ್ಪತ್ರೆಯನ್ನೇ ಬಿಟ್ಟುಬಿಡುವುದು ಅಪಾಯ. ಇನ್ನೊಂದು ಮಾತು. ಅವನು ಗೆಳೆಯರಿಗೆ ಮಾಲು ತಂದುಕೊಟ್ಟಿದ್ದರೆ ಆ ವಿಷಯವನ್ನು ವಕೀಲರಿಂದ ಬಚ್ಚಿಡಬೇಡಿ. ಮಾರಾಟದ ಆರೋಪ ಸೇರಿಕೊಂಡರೆ ವಾದದ ದಿಕ್ಕೇ ಬದಲಾಗುತ್ತದೆ.

ನಿಮ್ಮ ಬರಹದಲ್ಲಿ ನೀವಿದ್ದೀರಿ, ಅಮ್ಮ ಇದ್ದಾರೆ, ಸಲಹೆ ಕೊಟ್ಟವರಿದ್ದಾರೆ. ತಮ್ಮ ಏನು ಹೇಳುತ್ತಾನೆ ಎಂಬುದು ಮಾತ್ರ ಇಲ್ಲ. ಎರಡೂ ಕಲಮುಗಳು ಅವನ ಇಚ್ಛೆಯ ಮೇಲೆಯೇ ನಿಂತಿವೆ. ಇವತ್ತು ರಾತ್ರಿ ಬೈಯದೆ ಪಕ್ಕದಲ್ಲಿ ಕುಳಿತು, ಆಸ್ಪತ್ರೆಗೆ ಬರುತ್ತೀಯಾ ಎಂದು ಅವನನ್ನೇ ಕೇಳಿ.