ಹಣ್ಣಿನ ಸಿಹಿಗೆ ವಿಳಾಸವುಂಟೆ?

ಪ್ರಶ್ನೆ: ಹಣ್ಣಿನ ಗಾತ್ರ, ಸಿಹಿ ಮುಂತಾದ ಗುಣಗಳಿಗೆ ಕಾರಣವಾದ ಜೀನ್‌ಗಳ ನಕ್ಷೆಯನ್ನು ತಯಾರಿಸುತ್ತಾರೆಂದು ಓದಿದೆ. ಯಾವ ಜೀನ್ ಎಂಬುದೇ ತಿಳಿಯದಿರುವಾಗ ಅದು ಎಲ್ಲಿದೆಯೆಂದು ಗುರುತಿಸುವುದು ಹೇಗೆ?

ಉತ್ತರ: ಜೀನನ್ನು ನೇರವಾಗಿ ಹುಡುಕುವುದಿಲ್ಲ, ಅದರ ನೆರೆಯವರನ್ನು ವಿಚಾರಿಸುತ್ತಾರೆ. ಸಿಹಿ ಹೆಚ್ಚಿರುವ ಒಂದು ತಳಿಯನ್ನೂ ಕಡಿಮೆಯಿರುವ ಇನ್ನೊಂದನ್ನೂ ಸಂಕರಗೊಳಿಸಿ, ಅವುಗಳ ಮೊಮ್ಮಕ್ಕಳ ತಲೆಮಾರಿನ ನೂರಾರು ಗಿಡಗಳನ್ನು ಬೆಳೆಸುತ್ತಾರೆ. ವರ್ಣತಂತುಗಳ ಉದ್ದಕ್ಕೂ ಇರುವ ಡಿಎನ್‌ಎ ಗುರುತುಗಳಲ್ಲಿ (ಎರಡು ತಳಿಗಳಲ್ಲಿ ಬೇರೆ ಬೇರೆಯಾಗಿರುವ ಡಿಎನ್‌ಎ ತಾಣಗಳಲ್ಲಿ) ಯಾವುದು ಯಾವ ಹಿರಿಯನಿಂದ ಬಂದಿದೆಯೆಂದು ಪ್ರತಿ ಗಿಡದಲ್ಲೂ ನೋಡಿ, ಹಣ್ಣಿನ ತೂಕವನ್ನೂ ರಸದಲ್ಲಿ ಕರಗಿರುವ ಘನಾಂಶವನ್ನೂ (ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆ) ಅಳೆಯುತ್ತಾರೆ. ಒಂದು ಗುರುತು ಇದ್ದ ಗಿಡಗಳ ಹಣ್ಣು ಸರಾಸರಿಯಲ್ಲಿ ಹೆಚ್ಚು ಸಿಹಿಯಾಗಿದ್ದರೆ, ಆ ಗುರುತಿನ ಆಸುಪಾಸಿನಲ್ಲಿ ಸಿಹಿಯ ಮೇಲೆ ಪ್ರಭಾವ ಬೀರುವ ಜೀನ್ ಇರಬೇಕೆಂದು ಊಹಿಸಬಹುದು. ಏಕೆಂದರೆ ವರ್ಣತಂತುವಿನಲ್ಲಿ ಹತ್ತಿರವಿರುವ ತುಣುಕುಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮುಂದಿನ ತಲೆಮಾರಿಗೆ ಸಾಗುತ್ತವೆ.

ಆದರೆ ಹೀಗೆ ದೊರೆಯುವುದು ಬೀದಿಯ ಹೆಸರೇ ಹೊರತು ಮನೆಯ ಸಂಖ್ಯೆಯಲ್ಲ. ಆ ಬೀದಿಯಲ್ಲಿ ನೂರಾರು ಜೀನ್‌ಗಳಿರಬಹುದು. ಅಲ್ಲಿಂದ ಮುಂದಿನ ದಾರಿ ದೀರ್ಘವೆಂಬುದಕ್ಕೆ ಟೊಮೆಟೊ ಒಳ್ಳೆಯ ಸಾಕ್ಷಿ. ಅದರ 12 ವರ್ಣತಂತುಗಳಲ್ಲಿ ಹಣ್ಣಿನ ತೂಕ, ಕರಗಿದ ಘನಾಂಶ ಮತ್ತು ಆಮ್ಲೀಯತೆಯ ತಾಣಗಳನ್ನು ಗುರುತಿಸಿದ ಪ್ರಸಿದ್ಧ ಅಧ್ಯಯನ ಪ್ರಕಟವಾದದ್ದು 1988ರಲ್ಲಿ. ಎರಡನೆಯ ವರ್ಣತಂತುವಿನಲ್ಲಿದ್ದು ತೂಕದ ವ್ಯತ್ಯಾಸದಲ್ಲಿ ಶೇಕಡ 30ರವರೆಗೆ ಪಾಲು ಹೊಂದಿರುವ ಜೀನ್ ಕೈಗೆ ಸಿಕ್ಕಿದ್ದು 2000ದಲ್ಲಿ. ಅದು ಕೋಶವಿಭಜನೆಗೆ ಕಡಿವಾಣ ಹಾಕುವ ಜೀನ್. ದೊಡ್ಡ ಹಣ್ಣಿನ ತಳಿಗಳಲ್ಲಿ ಆ ಕಡಿವಾಣ ಸಡಿಲವಾಗಿದೆ.

ಸಿಹಿಯ ಕಥೆ ಇನ್ನೂ ಸ್ವಾರಸ್ಯಕರ. ಮಾಗಿದರೂ ಹಸಿರಾಗಿಯೇ ಉಳಿಯುವ, ಯಾರೂ ಬಯಸಿ ತಿನ್ನದ ಕಾಡು ಟೊಮೆಟೊ ಪ್ರಭೇದವೊಂದರ ವರ್ಣತಂತುವಿನ ತುಣುಕುಗಳನ್ನು ಒಂದೊಂದಾಗಿ ಕೃಷಿತಳಿಗೆ ಸೇರಿಸಿ ಪರೀಕ್ಷಿಸಿದಾಗ, ಒಂಬತ್ತನೆಯ ವರ್ಣತಂತುವಿನ ಒಂದು ತುಣುಕು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸಕ್ಕರೆಗಳ ಪ್ರಮಾಣವನ್ನು ಹೆಚ್ಚಿಸಿತು. ಮತ್ತೆ ಮತ್ತೆ ಸಂಕರಗೊಳಿಸಿ ಆ ತಾಣವನ್ನು ಕೇವಲ 484 ಡಿಎನ್‌ಎ ಅಕ್ಷರಗಳಿಗೆ ಇಳಿಸಿದಾಗ, ಅದು ಸುಕ್ರೋಸ್ ಎಂಬ ಸಕ್ಕರೆಯನ್ನು ಈ ಎರಡು ಸಕ್ಕರೆಗಳಾಗಿ ಒಡೆಯುವ ಇನ್ವರ್ಟೇಸ್ ಕಿಣ್ವದ ಜೀನ್‌ನೊಳಗಿತ್ತು. ಗಿಡದ ರೂಪ ನೋಡಿ ಆರಿಸುವ ತಳಿಗಾರನಿಗೆ ಇಂಥ ಜೀನ್ ಅಲ್ಲಿದೆಯೆಂಬ ಸುಳಿವೂ ಸಿಗುತ್ತಿರಲಿಲ್ಲ.

ಇಲ್ಲಿ ಹೆಚ್ಚು ಎಡವುವುದು ಪ್ರಯೋಗಾಲಯದಲ್ಲಲ್ಲ, ಹೊಲದಲ್ಲಿ ಎಂಬುದು ನನ್ನ ಅಭಿಪ್ರಾಯ. ನೀರು, ಬಿಸಿಲು, ಕೊಯ್ಲಿನ ದಿನ ಬದಲಾದರೆ ಅದೇ ಗಿಡದ ಸಿಹಿಯೂ ಬದಲಾಗುತ್ತದೆ. ಆದ್ದರಿಂದ ಒಂದೇ ಹಂಗಾಮಿನಲ್ಲಿ, ಕೆಲವೇ ಗಿಡಗಳಲ್ಲಿ ಕಂಡ ತಾಣವನ್ನು ಬೇರೆ ಹೊಲ, ಬೇರೆ ವರ್ಷಗಳಲ್ಲಿಯೂ ಪರೀಕ್ಷಿಸಿದ ನಂತರವೇ ತಳಿ ಅಭಿವೃದ್ಧಿಗೆ ಬಳಸಬೇಕು.