ಕಾಪರ್-ಟಿ ಇದ್ದರೂ ಗರ್ಭ ನಿಂತಿದೆ, ತೆಗೆಸಿದರೆ ಕೇಸ್ ಆಗುತ್ತಾ?

ಪ್ರಶ್ನೆ: ನಮ್ಮೂರು ಮದ್ದೂರಿನ ಹತ್ತಿರ. ಇಬ್ಬರು ಹೆಣ್ಣುಮಕ್ಕಳು, ಚಿಕ್ಕವಳಿಗೆ ಒಂದೂವರೆ ವರ್ಷ. ಕಾಪರ್-ಟಿ ಹಾಕಿಸಿದ್ದೆ, ಆದರೂ ಮುಟ್ಟು ನಿಂತಿದೆ. ಈಗ ಎಂಟು ವಾರ. ಇನ್ನೊಂದು ಮಗು ಸಾಕುವ ಶಕ್ತಿ ನಮಗಿಲ್ಲ. ಒಂದು ಕ್ಲಿನಿಕ್‌ನಲ್ಲಿ ‘ಎರಡೂ ಹೆಣ್ಣಾ? ನಮ್ಮಲ್ಲಿ ಆಗಲ್ಲ’ ಅಂದರು. ಇನ್ನೊಂದು ಕಡೆ ಗಂಡನ ಸಹಿ ಕೇಳಿದರು, ಅವರು ಕೆಲಸಕ್ಕೆ ಬೆಂಗಳೂರಿನಲ್ಲಿದ್ದಾರೆ. ಆಲೆಮನೆ ಕೇಸ್ ಆದಮೇಲೆ ಇದೆಲ್ಲ ಬಂದ್ ಅಂತಾರೆ ಅತ್ತೆ. ಮೆಡಿಕಲ್‌ನಿಂದ ಮಾತ್ರೆ ತರಿಸಿ ತಗೊಳ್ಳಲಾ?

ಉತ್ತರ: ದಯವಿಟ್ಟು ಬೇಡ. ಕಾಪರ್-ಟಿ ಇದ್ದೂ ಗರ್ಭ ನಿಂತರೆ, ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ಬೆಳೆಯುತ್ತಿರುವ ಸಾಧ್ಯತೆ ಮಾಮೂಲಿ ಬಸಿರಿಗಿಂತ ಜಾಸ್ತಿ. ಅದಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಒಳಗೇ ರಕ್ತ ಸುರಿದು ಜೀವಕ್ಕೇ ಕುತ್ತು. ಮೊದಲು ಸ್ಕ್ಯಾನ್ ಆಗಬೇಕು.

ಇನ್ನು ಕಾನೂನು. ಯಾವುದೂ ಬಂದ್ ಆಗಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಸಿಕ್ಕಿಬಿದ್ದದ್ದು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ. ಅದನ್ನು ತಡೆಯಲು 1994ರ ಕಾಯ್ದೆ ಇದೆ, ಇರಲೇಬೇಕು. ಗರ್ಭಪಾತಕ್ಕೆ ಇರುವುದು 1971ರ ಬೇರೆ ಕಾಯ್ದೆ. ಅದರ ಪ್ರಕಾರ 20 ವಾರದವರೆಗೆ ಒಬ್ಬ ಅರ್ಹ ವೈದ್ಯರು ಒಪ್ಪಿದರೆ ಸಾಕು. ಗರ್ಭನಿರೋಧಕ ಕೈಕೊಟ್ಟಿದ್ದೂ ಅಲ್ಲಿ ಒಪ್ಪುವ ಕಾರಣವೇ. 2021ರ ತಿದ್ದುಪಡಿಯ ನಂತರ ಇದಕ್ಕೆ ಮದುವೆ ಆಗಿರಬೇಕು ಅಂತಲೂ ಇಲ್ಲ.

ಎರಡು ಹೆಣ್ಣಿವೆ ಅಂತ ಅನುಮಾನಪಟ್ಟು ವಾಪಸ್ ಕಳಿಸಿದ್ದು ನನಗೆ ತುಂಬಾ ನೋವಿನ ವಿಷಯ. ಎಂಟು ವಾರಕ್ಕೆ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಗೊತ್ತೇ ಆಗುವುದಿಲ್ಲ! ನಿಮ್ಮನ್ನು ಅನುಮಾನಿಸಲು ಅಲ್ಲಿ ಕಾರಣವೇ ಇಲ್ಲ. ತಪಾಸಣೆ, ರೇಡ್ ನೋಡಿ ವೈದ್ಯರೂ ಹೆದರಿದ್ದಾರೆ, ಅರ್ಥವಾಗುತ್ತದೆ. ಆದರೆ ಆ ಹೆದರಿಕೆಯಿಂದ ನಷ್ಟವಾಗುವುದು ಹೆಂಗಸಿನ ವಾರಗಳು. ಒಬ್ಬರು ಇಲ್ಲ ಅಂದರು, ಇನ್ನೊಬ್ಬರು ಸಹಿ ತನ್ನಿ ಅಂದರು, ಆಮೇಲೆ ಊರಹಬ್ಬ ಬಂತು, ಮಗುವಿಗೆ ಜ್ವರ ಬಂತು. ಅಷ್ಟರಲ್ಲಿ ಹದಿಮೂರು, ಹದಿನಾಲ್ಕು ವಾರ. ಆಗ ನಿಜಕ್ಕೂ ಲಿಂಗ ಪತ್ತೆಯ ಅನುಮಾನ ಬರುತ್ತದೆ, ಮಾಡುವ ಆಸ್ಪತ್ರೆಗಳೂ ಕಮ್ಮಿ. ಕೊನೆಗೆ ಎಷ್ಟೋ ಜನ ಬೇಡದ ಬಸಿರನ್ನು ಹೊರುತ್ತಾರೆ, ಇಲ್ಲವೇ ಗುಟ್ಟಾಗಿ ಮಾತ್ರೆ ನುಂಗುತ್ತಾರೆ. ಎರಡೂ ಅವರು ತಾವಾಗಿ ಮಾಡಿದ ತೀರ್ಮಾನ ಅಲ್ಲ, ಅಲ್ವಾ?

ಗಂಡನ ಸಹಿ ಕಾನೂನಿಗೆ ಬೇಕಿಲ್ಲ. 18 ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ‘ಸಿ’ ಫಾರಂನಲ್ಲಿ ಸಹಿ ಹಾಕುವುದು ನೀವು. ಹೆಸರು ಗುಟ್ಟಾಗಿಡಬೇಕು, ಹೊರಗೆ ಬಿಟ್ಟವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಮನಸ್ಸು ಬದಲಾಯಿಸಿ ಮಗು ಬೇಕು ಅಂದರೂ ಅದು ನಿಮ್ಮ ಇಷ್ಟವೇ, ಯಾರೂ ಬಲವಂತ ಮಾಡುವಂತಿಲ್ಲ.

ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಹೋಗಿ, ತಡಮಾಡಬೇಡಿ. ಕೊನೆಯ ಮುಟ್ಟಿನ ಮೊದಲ ದಿನದ ತಾರೀಖು ಬರೆದುಕೊಂಡು ಹೋಗಿ, ವಾರದ ಲೆಕ್ಕ ಅಲ್ಲಿಂದಲೇ. ಕಾಪರ್-ಟಿ ಹಾಕಿಸಿದ ಚೀಟಿ ಇದ್ದರೆ ತೋರಿಸಿ. ಮಾತ್ರೆಯಲ್ಲಿ ಮಾಡಲು ನಿಯಮದಲ್ಲಿ ಒಂಬತ್ತು ವಾರದವರೆಗೆ ಮಾತ್ರ ಅವಕಾಶ, ನಿಮಗೆ ಉಳಿದಿರುವುದು ಕೆಲವೇ ದಿನ. ಅದು ದಾಟಿದರೂ ಗಾಬರಿ ಬೇಡ, ಬೇರೆ ಸುರಕ್ಷಿತ ವಿಧಾನವಿದೆ. ಆದರೆ ಈ ನಡುವೆ ಹೊಟ್ಟೆಯ ಒಂದು ಪಕ್ಕ ಜೋರು ನೋವು, ತಲೆಸುತ್ತು ಬಂದರೆ ಯಾರ ಒಪ್ಪಿಗೆಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.