ನುಸಿಗುಳಿಗೆ ಹಾಕಿದರೂ ಪಟ್ಟೆ ಸೀರೆಗೆ ತೂತು ಯಾಕೆ?

ಪ್ರಶ್ನೆ: ಕಪಾಟಿನ ತುಂಬ ನುಸಿಗುಳಿಗೆ ಹಾಕಿದ್ದೆ. ಚೌತಿಗೆ ಉಡಲು ತೆಗೆದರೆ ಪಟ್ಟೆ ಸೀರೆಯಲ್ಲಿ ತೂತು. ಮಗಳು ಹೆರಿಗೆಗೆ ಬರುತ್ತಾಳೆ. ಮಗುವಿನ ಬಟ್ಟೆಗೆ ಇನ್ನೂ ಜಾಸ್ತಿ ಹಾಕಲೇ?
(ಉಡುಪಿಯ ಓದುಗರು)

ಉತ್ತರ: ಮಗುವಿನ ವಿಷಯ ಮೊದಲು. ಆ ಬಟ್ಟೆಯ ಹತ್ತಿರ ಒಂದು ಗುಳಿಗೆಯೂ ಬೇಡ. ಪ್ರತಿ ಮಳೆಗಾಲ ಇದನ್ನೇ ಹೇಳುತ್ತೇನೆ, ಪ್ರತಿ ಮಳೆಗಾಲ ಅದೇ ಪ್ರಶ್ನೆ ಬರುತ್ತದೆ. ಆ ಬಿಳಿ ಗುಳಿಗೆ ನ್ಯಾಫ್ತಲೀನ್. ಅದರ ಆವಿ ಬಟ್ಟೆಯಲ್ಲಿ ಕೂತು ಮಗುವಿನ ಮೈಗೂ ಉಸಿರಿಗೂ ಸೇರುತ್ತದೆ. ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಇದು ಕೆಂಪು ರಕ್ತಕಣ ಒಡೆದು ಕಾಮಾಲೆ ಏರಿಸುತ್ತದೆ. ಯಾವ ಮಗುವಿಗೆ ಕಡಿಮೆ ಎಂದು ಮುಖ ನೋಡಿ ಹೇಳಲಾಗದು. ಈಗಾಗಲೇ ಗುಳಿಗೆ ಹಾಕಿಟ್ಟ ಹಳೆಯ ಬಟ್ಟೆ ಇದ್ದರೆ ಮಗುವಿಗೆ ತೊಡಿಸಲೇಬೇಡಿ. ಕರ್ಪೂರವೂ ಬೇಡ. ಒಗೆದು ಒಣಗಿಸಿದ ಹತ್ತಿ ಬಟ್ಟೆಗೆ ನುಸಿಯ ಕಾಟ ಇರುವುದೇ ಅಪರೂಪ, ಮತ್ತೆ ಗುಳಿಗೆ ಯಾಕೆ?

ಇನ್ನು ಪಟ್ಟೆ ಸೀರೆ, ಅಂದರೆ ರೇಷ್ಮೆ ಸೀರೆ. ತಿಂದದ್ದು ಹಾರುವ ಪತಂಗ ಅಲ್ಲ, ಅದರ ಮರಿಹುಳ. ರೇಷ್ಮೆ, ಉಣ್ಣೆ, ಕೂದಲು ಅದರ ಊಟ. ಬೆವರು ಹಿಡಿದ, ಪಾಯಸ ಚೆಲ್ಲಿದ ಜಾಗ ಇನ್ನೂ ಇಷ್ಟ. ಒಂದೇ ಸಲ ಉಟ್ಟದ್ದು ಅಲ್ವಾ ಎಂದು ಹಾಗೇ ಮಡಚಿಟ್ಟರೆ ತೂತು ಬೀಳುವುದು ಅಲ್ಲೇ. ನ್ಯಾಫ್ತಲೀನ್ ಆವಿ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ದಟ್ಟವಾಗಿ ತುಂಬಿದರೆ ಮಾತ್ರ ಹುಳ ಸಾಯುತ್ತದೆ. ಕಪಾಟಿನ ಸಂದಿಯಿಂದ ಅದು ಕೋಣೆಗೆ ಬರುತ್ತದೆ. ಕುಡಿಯುವುದು ನೀವು, ಹುಳ ಅಲ್ಲ.

ಗುಳಿಗೆ ಎಲ್ಲ ತೆಗೆಯಿರಿ. ಹಲಗೆಯ ಸಂದಿಗಳನ್ನು ವ್ಯಾಕ್ಯೂಮ್ ಮಾಡಿ. ಸೀರೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಕಟ್ಟಿ 7 ದಿನ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿ ಬೇಕು. ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಸಾಲದು. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ನಮ್ಮ ಕರಾವಳಿಯ ತೇವದ ಗಾಳಿ ತಾಗಿದರೆ ತಣ್ಣಗಿನ ರೇಷ್ಮೆ ಒದ್ದೆಯಾಗುತ್ತದೆ. ಆಮೇಲೆ ಡ್ರೈಕ್ಲೀನ್ ಮಾಡಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ.

ಮಂಗಳೂರಿನ ಗೋಡೆಗಳ ಮೇಲೆ ಸೌತೆಬೀಜದಂಥ ಚೀಲ ಎಳೆದುಕೊಂಡು ಹೋಗುವ ಹುಳ? ಅದೂ ಪತಂಗದ ಮರಿಯೇ. ಜೇಡರ ಬಲೆ, ಉದುರಿದ ಕೂದಲು ಗುಡಿಸಿ. ಔಷಧಿ ಬೇಡ.

ರವೆಯಲ್ಲಿ ಬಲೆ ಕಟ್ಟುವ ಹುಳ ಬೇರೆ ಜಾತಿ, ಸೀರೆಗೆ ಬರುವುದಿಲ್ಲ. ರವೆ ಎಸೆಯಿರಿ.

ಹುಳ ಓಡಿಸುತ್ತದೆ ಎಂದು ಮಾರುವ, ಪ್ಲಗ್ಗಿಗೆ ಸಿಕ್ಕಿಸುವ ಶಬ್ದದ ಯಂತ್ರ? ಸುಮ್ನೆ ದುಡ್ಡು ದಂಡ.

"ಒಂದೇ ಸ್ಪ್ರೇ, ಜೀವಮಾನದ ಗ್ಯಾರಂಟಿ" ಎನ್ನುವವರು ಬಂದರೆ, ಏನು ಹೊಡೆಯುತ್ತೀರಿ, ಹೆಸರು ಬರೆದುಕೊಡಿ ಎನ್ನಿ. ಬರೆದುಕೊಡದವರನ್ನು ಒಳಗೆ ಬಿಡಬೇಡಿ. ಬಾಣಂತಿ ಇರುವ ಮನೆಗೆ, ಬರೆದುಕೊಟ್ಟವರೂ ಬೇಡ.